ಮಾಗಿ ಕಾಲಕ್ಕೆ ಗಾಡಿಯಲ್ಲೊಂದು ಚೀಲ

ದೀಪಾವಳಿ ಕಳೆದು ರಾಗಿಗೆ ಕುಡ್ಲು ಹಾಕಿದರೆ ಸಾಕು, ನಮ್ಮ ಮಂಡ್ಯ ಕಡೆ ರಸ್ತೆಗಳ ರೂಪವೇ ಬೇರೆಯಾಗುತ್ತದೆ. ಹಗಲೆಲ್ಲ ಟಾರಿನ ಮೇಲೆ ರಾಗಿ, ಹುರುಳಿ ಹರಡಿರುತ್ತದೆ. ಸಂಜೆ ಆರಕ್ಕೆ ಹೊತ್ತು ಮುಳುಗಿ ಆರೂವರೆಗೆ ಕತ್ತಲು. ಆ ಕತ್ತಲಲ್ಲಿ ಕಬ್ಬಿನ ಗಾಡಿ, ಹುಲ್ಲು ಹೇರಿದ ಟ್ರ್ಯಾಕ್ಟರು, ಹೊಲದಿಂದ ಮನೆಗೆ ಹೊರಟ ದನ, ಮದುವೆಗೆ ಹೊರಟ ಟೆಂಪೋ ಎಲ್ಲ ಒಂದೇ ದಾರೀಲಿ. ಬೆಳಗ್ಗೆ ಎದ್ದರೆ ಕಾವಳ. ಡೈರಿಗೆ ಹಾಲು ಹಾಕೋರು, ಮಂಡ್ಯಕ್ಕೆ ಸೊಪ್ಪು ತರಕಾರಿ ಒಯ್ಯೋರು ಆ ಕಾವಳದಲ್ಲೇ ಮೊಪೆಡ್ಡು ಹತ್ತಬೇಕು.

ಈಗ ಹಳ್ಳಿಯಲ್ಲೂ ಹಳೇ ಕಾರು, ಗೂಡ್ಸ್ ಆಟೋ ಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕೊಂಡ ದಿನ ಮುಂದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾರೆ, ಒಳಗೆ ದೇವರ ಪಟ ಇಡುತ್ತಾರೆ. ಹಿಂದಿನ ಡಿಕ್ಕಿ ತೆಗೆದು ನೋಡಿದರೆ ಗಾಳಿ ಇಲ್ಲದ ಸ್ಟೆಪ್ನಿ ಒಂದು ಬಿದ್ದಿರುತ್ತದೆ, ಮತ್ತೇನೂ ಇರೋದಿಲ್ಲ.

ಹಿಮ ಬೀಳೋ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಕಾರಿನಲ್ಲಿ ಏನೇನು ಇರಬೇಕು ಅನ್ನೋದಕ್ಕೆ ದೊಡ್ಡ ಪಟ್ಟಿಯೇ ಇದೆ. ಹಿಮ ತೋಡೋಕೆ ಸನಿಕೆ, ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯೋ ಪಟ್ಟಿ, ಚಕ್ರಕ್ಕೆ ಸುತ್ತೋ ಸರಪಳಿ. ನಮಗೆ ಅದೆಲ್ಲ ಬೇಡ. ನಮ್ಮಲ್ಲಿ ರೇಡಿಯೇಟರ್ ನೀರು ಹೆಪ್ಪುಗಟ್ಟೋದಿಲ್ಲ, ಡೀಸೆಲ್ಲು ಗಟ್ಟಿಯಾಗೋದಿಲ್ಲ. ಆದರೆ ನಮ್ಮ ಮಾಗಿಗೂ ಅದರದೇ ಆದ ಗಂಡಾಂತರ ಇದೆ. ಗಾಡಿ ಕೆಟ್ಟಿತು ಅಂತ ಯಾರೂ ಸಾಯೋದಿಲ್ಲ. ಕೆಟ್ಟ ಗಾಡಿ ಕತ್ತಲಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತಿರುತ್ತದಲ್ಲ, ಅದರಿಂದ ಸಾಯುತ್ತಾರೆ. ಆದ್ದರಿಂದ ಚೀಲಕ್ಕೆ ಮೊದಲು ಹಾಕಬೇಕಾದ್ದು ಪಾನ ಅಲ್ಲ, ಜಾಕೂ ಅಲ್ಲ. ಕಾಣಿಸಿಕೊಳ್ಳೋ ಸಾಮಾನು.

ರೇಡಿಯಂ ಅನ್ನೋ ಪಟ್ಟಿ

ಗಾಡಿ ಹಿಂದಕ್ಕೆ ಅಂಟಿಸೋ ಹೊಳೆಯುವ ಪಟ್ಟಿಗೆ ನಾವೆಲ್ಲ ರೇಡಿಯಂ ಅಂತೀವಿ. ಅದರಲ್ಲಿ ರೇಡಿಯಂ ಏನೂ ಇಲ್ಲ, ಅದು ತಾನಾಗಿ ಬೆಳಗುವುದೂ ಇಲ್ಲ. ಪಟ್ಟಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು ಅಥವಾ ಮೂಲೆ ಮೂಲೆಯಾಗಿ ಕಡೆದ ಹರಳಿನಂಥವು ಇರುತ್ತವೆ. ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ಅವು ತಿರುಗಿಸಿ ಕಳಿಸುತ್ತವೆ. ಹಿಂದಿನಿಂದ ಬರೋ ಲಾರಿಯ ಲೈಟು ಪಟ್ಟಿಗೆ ಬಿದ್ದರೆ ಆ ಬೆಳಕು ವಾಪಸ್ಸು ಆ ಡ್ರೈವರನ ಕಣ್ಣಿಗೇ ಹೋಗುತ್ತದೆ.

ಕೆಲವರು ಹಳೇ ಸಿಡಿ ತಟ್ಟೆ, ಇಲ್ಲ ಸ್ಟೀಲ್ ತಟ್ಟೆ ಕಟ್ಟಿಕೊಂಡು ಹೋಗೋದು ನೋಡಿದ್ದೀನಿ. ಅದು ಕನ್ನಡಿ ಇದ್ದ ಹಾಗೆ. ಓರೆಯಾಗಿ ಬಂದ ಬೆಳಕನ್ನು ಇನ್ನೊಂದು ಕಡೆಗೆ ಎಸೆದುಬಿಡುತ್ತದೆ. ನೇರ ಎದುರಿಗೆ ಬಂದವನಿಗೆ ಮಾತ್ರ ಕಂಡರೆ ಕಂಡೀತು. ಹಾಗಾಗಿ ಅದನ್ನು ನಂಬಬೇಡಿ, ಪಟ್ಟಿಯನ್ನೇ ತನ್ನಿ. ಹಿಂದಕ್ಕೆ ಕೆಂಪು, ಮುಂದಕ್ಕೆ ಬಿಳಿ, ಪಕ್ಕಕ್ಕೆ ಹಳದಿ. ಅಂಟಿಸೋ ಜಾಗವನ್ನು ಒಣಬಟ್ಟೆಯಲ್ಲಿ ಒರೆಸಿ, ತುಕ್ಕಿದ್ದರೆ ಉಜ್ಜಿ, ಬಿಸಿಲಲ್ಲಿ ಒಣಗಿಸಿ ಅಂಟಿಸಿದರೆ ಬಾಳುತ್ತದೆ. ಕೆಸರಿನ ಮೇಲೆ ಅಂಟಿಸಿದ್ದು ಸಂಕ್ರಾಂತಿವರೆಗೂ ಇರೋದಿಲ್ಲ. ಮತ್ತೆ ವಾರಕ್ಕೊಂದು ಸಲ ಒರೆಸಬೇಕು. ಧೂಳು ಕೂತರೆ ಮಣಿಗೆ ಬೆಳಕು ಮುಟ್ಟೋದಿಲ್ಲ.

ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ಓಡೋ ಗಾಡಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ, ಅಂದರೆ 55 ಅಡಿ. ಡಿಮ್ ಲೈಟಿನಲ್ಲಿ ಮುಂದೆ 40-50 ಮೀಟರ್ ಕಂಡರೆ ಹೆಚ್ಚು. ಎದುರಿಗಿರೋದು ಎತ್ತಿನ ಗಾಡಿ ಅಂತ ತಿಳಿಯೋ ಹೊತ್ತಿಗೇ ಒಂದು ಸೆಕೆಂಡು ಹೋಗಿರುತ್ತದೆ. ಆಮೇಲೆ ಬ್ರೇಕು. ಕಾವಳ ಇದ್ದರೆ ಆ 40 ಮೀಟರೂ ಇಲ್ಲ. ರೇಡಿಯಂ ಇದ್ದರೆ ಕತ್ತಲಲ್ಲಿ ಇನ್ನೂರು ಮೀಟರ್ ದೂರದಿಂದಲೇ 'ಏನೋ ಇದೆ' ಅಂತ ಗೊತ್ತಾಗುತ್ತದೆ. ಏನು ಅಂತ ಗೊತ್ತಾಗದಿದ್ದರೂ ಕಾಲು ಬ್ರೇಕಿನ ಮೇಲೆ ಬರುತ್ತದೆ, ಅಷ್ಟು ಸಾಕು.

ಇದರಲ್ಲಿ ನಮ್ಮ ಕಡೆ ಒಂದು ತೊಡಕಿದೆ. ಟ್ರೇಲರಿನ ಹಿಂದೆ ಪಟ್ಟಿ ಅಂಟಿಸಿರುತ್ತಾರೆ, ಕೆಂಪು ದೀಪವೂ ಇರಬಹುದು. ಅದರ ಮೇಲೆ ಹುಲ್ಲು ಹೇರಿದರೆ ಹೊರೆ ಎರಡು ಮೂರು ಅಡಿ ಹಿಂದಕ್ಕೆ ಇಳಿಬಿದ್ದು ದೀಪ, ಪಟ್ಟಿ ಎಲ್ಲ ಮುಚ್ಚಿಹೋಗುತ್ತದೆ. ಕಬ್ಬು ಹೇರಿದರೂ ಅಷ್ಟೆ, ಸೋಗೆ ಜೋತುಬಿದ್ದಿರುತ್ತದೆ. ಹಿಂದಿನಿಂದ ಬರೋನಿಗೆ ಕಪ್ಪು ಗುಡ್ಡೆ ಬಿಟ್ಟು ಬೇರೇನೂ ಕಾಣಿಸೋದಿಲ್ಲ. ಇದಕ್ಕೆ ನಾವು ಮಾಡಿಕೊಂಡಿರೋದು ಒಂದು ತೂಗುಹಲಗೆ. ಎರಡಡಿ ಉದ್ದ, ಅರ್ಧ ಅಡಿ ಅಗಲದ ಹಲಗೆ ಅಥವಾ ಹಳೇ ತಗಡು. ಅದಕ್ಕೆ ಕೆಂಪು ಪಟ್ಟಿ ಎರಡು ಸಾಲು. ಎರಡು ತುದಿಗೂ ತೂತು ಹಾಕಿ ಹಗ್ಗ. ಹೊರೆ ಕಟ್ಟಿದ ಮೇಲೆ ಎಲ್ಲಕ್ಕಿಂತ ಹಿಂದೆ, ಆಳಿನ ಎದೆಮಟ್ಟಕ್ಕೆ ಇದನ್ನು ಕಟ್ಟಬೇಕು. ಗಾಳಿಗೆ ತಿರುಗದ ಹಾಗೆ ಕೆಳಗಿಂದಲೂ ಒಂದು ಎಳೆ ಬಿಗಿಯಬೇಕು. ಹೊರೆ ಇಳಿಸಿದ ಮೇಲೆ ಹಲಗೆ ಮತ್ತೆ ಚೀಲಕ್ಕೆ.

ಎತ್ತಿನ ಗಾಡಿಯವರು ಹಿಂದೆ ಅಚ್ಚಿನ ಕೆಳಗೆ ಲಾಟೀನು ತೂಗಿಬಿಡುತ್ತಿದ್ದರು. ಒಳ್ಳೇ ಪದ್ಧತಿ. ಈಗ ಬ್ಯಾಟರಿಯ ಕೆಂಪು ದೀಪ ಸಿಗುತ್ತವೆ, ಸೈಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಮಿಣಕ್ ಮಿಣಕ್ ಅನ್ನೋದನ್ನೇ ತನ್ನಿ, ಕಣ್ಣು ಬೇಗ ಹಿಡಿಯುತ್ತದೆ. ಎತ್ತಿನ ಕೊಂಬಿಗೂ ಒಂದು ಸುತ್ತು ಪಟ್ಟಿ ಸುತ್ತಿದರೆ ಎದುರಿನಿಂದ ಬರೋನಿಗೆ ಗೊತ್ತಾಗುತ್ತದೆ.

ಕಾರಿಗೆ ಕೆಂಪು ತ್ರಿಕೋನ ಕಂಪೆನಿಯವರೇ ಕೊಟ್ಟಿರುತ್ತಾರೆ. ಹಳೇ ಕಾರು ಕೊಂಡವರಿಗೆ ಅದು ಸಿಕ್ಕಿರೋದಿಲ್ಲ, ಒಂದು ಕೊಂಡುಕೊಳ್ಳಿ. ಗಾಡಿ ಪಕ್ಕದಲ್ಲೇ ಅದನ್ನು ನಿಲ್ಲಿಸಿದರೆ ಏನೂ ಪ್ರಯೋಜನ ಇಲ್ಲ. ಹಳ್ಳಿ ರಸ್ತೆಯಲ್ಲಿ ಎಪ್ಪತ್ತು ಹೆಜ್ಜೆ ಹಿಂದೆ, ದೊಡ್ಡ ರಸ್ತೆಯಲ್ಲಿ ಅದರ ಎರಡರಷ್ಟು. ತಿರುವಿನಲ್ಲಿ ನಿಂತಿದ್ದರೆ ತಿರುವಿಗಿಂತ ಮುಂಚೆಯೇ ಇಡಬೇಕು. ಇಡೋಕೆ ಹೋಗುವಾಗ ಅದನ್ನು ಎದೆ ಮುಂದೆ ಹಿಡಿದುಕೊಂಡು ರಸ್ತೆ ಅಂಚಿನಲ್ಲೇ ನಡೆಯಬೇಕು.

ಕಾವಳದಲ್ಲಿ ಡಿಪ್ ಹಾಕೋ ಬದಲು ಹೈ ಬೀಮ್ ಹಾಕೋರಿದ್ದಾರೆ. ಕಾವಳ ಅಂದರೆ ನೀರಿನ ಸಣ್ಣ ಹನಿಗಳು. ಜೋರು ಬೆಳಕು ಆ ಹನಿಗಳಿಗೆ ತಗುಲಿ ನಮ್ಮ ಕಣ್ಣಿಗೇ ವಾಪಸ್ಸು ಬಂದು ಮುಂದೆ ಬಿಳೀ ಗೋಡೆ ಕಟ್ಟಿದಂತೆ ಆಗುತ್ತದೆ. ಡಿಮ್ಮಿನಲ್ಲೇ ನಿಧಾನ ಹೋಗಬೇಕು. ಗಾಜು ಒಳಗಡೆ ಬೆವರಿದರೆ ಒರೆಸೋಕೆ ಒಂದು ಹಳೇ ಪಂಚೆ ತುಂಡು ಸೀಟಿನ ಪಕ್ಕದಲ್ಲೇ ಇರಲಿ.

ಹುರುಳಿ ಸುತ್ತಿಕೊಂಡರೆ

ಇದು ನಮ್ಮದೇ ಸೀಮೆಯ ತಾಪತ್ರಯ. ಹಿಮದ ದೇಶದವರ ಪಟ್ಟಿಯಲ್ಲಿ ಇದು ಸಿಕ್ಕೋದಿಲ್ಲ. ಡಿಸೆಂಬರು, ಜನವರಿಯಲ್ಲಿ ಹುರುಳಿ ಕಿತ್ತು ರಸ್ತೆಗೆ ಹರಡುತ್ತಾರೆ, ಓಡಾಡೋ ಗಾಡಿಗಳೇ ಒಕ್ಕಣೆ ಮಾಡುತ್ತವೆ. ರಾಗಿ ಹುಲ್ಲು ಚಕ್ರದ ಕೆಳಗೆ ಮಲಗಿಬಿಡುತ್ತದೆ. ಹುರುಳಿ ಹಾಗಲ್ಲ, ಬಳ್ಳಿ. ಒಂದಕ್ಕೊಂದು ಹೆಣೆದುಕೊಂಡು ಕಾರಿನ ಅಡಿಗೆ ಸಿಕ್ಕಿ, ಮುಂದಿನ ಚಕ್ರ ತಿರುಗಿಸೋ ಶಾಫ್ಟಿಗೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಕೊಳವೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಆ ಕೊಳವೆಗೆ ಹೊಗೆ ಶುದ್ಧಿ ಮಾಡೋ ಡಬ್ಬಿಯೊಂದು ಇರುತ್ತದೆ, ಕೆಲಸ ಮಾಡುವಾಗ ಅದರ ಒಳಗಿನ ಶಾಖ 300 ಡಿಗ್ರಿಗೂ ಮೀರಿರುತ್ತದೆ. ಒಣ ಬಳ್ಳಿ ಅದಕ್ಕೆ ತಗುಲಿ ಉಜ್ಜುತ್ತಾ ಇದ್ದರೆ ಹೊತ್ತಿಕೊಳ್ಳೋದಕ್ಕೆ ಎಷ್ಟು ಹೊತ್ತು? ಮಂಡ್ಯ, ಮೈಸೂರು, ಚಾಮರಾಜನಗರ, ತುಮಕೂರು ಸೀಮೆಯಲ್ಲಿ ಹುರುಳಿ ಸಿಕ್ಕಿ ಕಾರು ಸುಟ್ಟುಹೋದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ.

ಲಕ್ಷಣ ಹೀಗಿರುತ್ತದೆ. ಮೊದಲು ಕಾರಿನ ಅಡಿಯಲ್ಲಿ ಸರಸರ ಸದ್ದು. ಹುಲ್ಲು ದಾಟಿದ ಮೇಲೂ ಸದ್ದು ನಿಲ್ಲೋದಿಲ್ಲ. ಆಮೇಲೆ ಗಾಡಿ ಎಳೆಯೋಕೆ ಭಾರ ಆಗುತ್ತದೆ. ಆಮೇಲೆ ಸುಟ್ಟ ವಾಸನೆ. ವಾಸನೆ ಬರೋತನಕ ಕಾಯಬಾರದು. ಹುರುಳಿ ಕಣ ದಾಟಿ ಒಂದು ಫರ್ಲಾಂಗು ಹೋದ ಮೇಲೆ ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ ಬಗ್ಗಿ ನೋಡಬೇಕು. ಕಣದ ಮೇಲೆಯೇ ನಿಲ್ಲಿಸಿದರೆ, ಬೆಂಕಿ ಬಿದ್ದರೆ ಕಾರೂ ಹೋಯಿತು, ಆ ರೈತನ ಹುರುಳಿಯೂ ಹೋಯಿತು.

ಇದಕ್ಕೆ ಚೀಲದಲ್ಲಿ ಇರಬೇಕಾದ್ದು ಒಂದು ಕುಡ್ಲು. ಹಲ್ಲು ಕುಡ್ಲಾದರೆ ಇನ್ನೂ ಒಳ್ಳೇದು. ಕೈಯಲ್ಲಿ ಎಳೆದರೆ ಹುರುಳಿ ಇನ್ನಷ್ಟು ಬಿಗಿಯುತ್ತದೆ, ಕೈಗೂ ಸೈಲೆನ್ಸರ್ ಸುಡುತ್ತದೆ. ಇಂಜಿನ್ ಆಫ್ ಮಾಡಿ, ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹೊರಗಡೆ ನಿಂತೇ ಕುಡ್ಲು ತೂರಿಸಿ ಕೊಯ್ದು ಕೊಯ್ದು ತೆಗೆಯಬೇಕು. ಬ್ರೇಕಿನ ರಬ್ಬರ್ ಪೈಪು ಚಕ್ರದ ಒಳಗಡೆಯೇ ಇರುತ್ತದೆ, ಅದು ತುಂಡಾಗದ ಹಾಗೆ ನೋಡಿಕೊಳ್ಳಿ. ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಮಾತ್ರ ಯಾವ ಕಾರಣಕ್ಕೂ ನುಗ್ಗಬೇಡಿ.

ಇನ್ನೊಂದು, ಬೆಂಕಿ ಆರಿಸೋ ಸಿಲಿಂಡರು. ಒಂದು ಕೆ.ಜಿ.ಯ ಪುಡಿ ಸಿಲಿಂಡರ್ ಕಾರಿಗೆ ಸಾಕು. ಅದು ಹತ್ತು ಸೆಕೆಂಡಿನೊಳಗೆ ಖಾಲಿಯಾಗುತ್ತದೆ ಅನ್ನೋದು ನೆನಪಿರಲಿ. ಗಾಬರಿಯಲ್ಲಿ ಉರಿಯ ಮೇಲುಗಡೆ ಹೊಡೆದರೆ ಪುಡಿ ಗಾಳಿಗೆ ಹೋಗುತ್ತದೆ. ಬುಡಕ್ಕೆ ಹೊಡೆಯಬೇಕು, ಆ ಕಡೆ ಈ ಕಡೆ ಆಡಿಸುತ್ತಾ. ಅದರ ಮೇಲೆ ಗಡಿಯಾರದಂಥ ಮುಳ್ಳಿರುತ್ತದೆ, ಹಸಿರಿನಲ್ಲಿ ಇದ್ದರೆ ಸರಿ, ಕೆಂಪಿಗೆ ಬಂದಿದ್ದರೆ ತುಂಬಿಸಬೇಕು. ಬಾನೆಟ್ಟಿನ ಒಳಗಿಂದ ಹೊಗೆ ಬರುತ್ತಿದ್ದರೆ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಉರಿ ಜೋರಾಗುತ್ತದೆ. ಸಂದಿಯಲ್ಲೇ ಹೊಡೆಯಿರಿ. ಹುಲ್ಲಿಗೆ ಹತ್ತಿದ್ದರೆ ನೀರು ಆಗಬಹುದು, ಪೆಟ್ರೋಲು ಡೀಸೆಲಿಗೆ ಹತ್ತಿದ್ದರೆ ನೀರು ಹಾಕಬಾರದು, ತೇಲಿಕೊಂಡು ಹರಡುತ್ತದೆ. ಮಣ್ಣು ಎರಚಿ. ಸಿಲಿಂಡರ್ ಮುಗಿದರೂ ಆರದಿದ್ದರೆ ದೂರ ಹೋಗಿ ನಿಲ್ಲೋದೇ ಸರಿ. ಕಾರಿಗೆ ಇನ್ಶೂರೆನ್ಸ್ ಇರುತ್ತದೆ.

ಕಾರಿನವರು ಬಯ್ಯುತ್ತಾರೆ, 'ರಸ್ತೆ ಏನು ನಿಮ್ಮಪ್ಪನ ಕಣವಾ' ಅಂತ. ಅವರ ಮಾತಿನಲ್ಲಿ ನ್ಯಾಯ ಇಲ್ಲದೆ ಇಲ್ಲ. ಕಣ ಮಾಡೋಕೆ ಜಾಗ ಇಲ್ಲ, ರೋಣಗಲ್ಲು ಕಟ್ಟೋಕೆ ಎತ್ತಿಲ್ಲ, ಆಳಿಗೆ ಕೂಲಿ ಕೊಡೋಕೆ ಆಗೋದಿಲ್ಲ, ಇದು ನಮ್ಮ ಕಡೆ ನ್ಯಾಯ. ಆದರೂ ಹುರುಳಿಯನ್ನಾದರೂ ರಸ್ತೆಗೆ ಹಾಕಬಾರದು ಅನ್ನೋದು ನನ್ನ ಮಾತು. ಹೊಲದಲ್ಲೇ ಒಂದು ಮೂಲೆ ಕೆತ್ತಿ, ಸಗಣಿ ಬಳಿದು, ಟ್ರ್ಯಾಕ್ಟರು ನಾಲ್ಕು ಸುತ್ತು ಓಡಿಸಿದರೆ ಆಗುತ್ತದೆ. ರಾಗಿ ಹಾಕೋರೂ ಸೂರ್ಯ ಮುಳುಗೋ ಮುಂಚೆ ಎತ್ತಿಬಿಡಬೇಕು. ರಾತ್ರಿ ಕಾವಲಿಗೆ ಅಂತ ರಾಶಿ ಪಕ್ಕದಲ್ಲಿ ರಸ್ತೆಯಲ್ಲೇ ಮಲಗೋರು ಇದ್ದಾರೆ. ಕಪ್ಪು ಕಂಬಳಿ ಹೊದ್ದು ಟಾರಿನ ಮೇಲೆ ಮಲಗಿದವನು ಯಾರ ಕಣ್ಣಿಗೆ ಬೀಳುತ್ತಾನೆ? ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬೈಕು ಬ್ರೇಕು ಹಿಡಿದರೆ ಜಾರೋದು ಗ್ಯಾರಂಟಿ.

ಜಾಕು, ಹಲಗೆ, ಕಲ್ಲು

ಪಂಕ್ಚರ್ ಆದಾಗ ಬೇಕಾಗೋದು ಎಲ್ಲರಿಗೂ ಗೊತ್ತು. ಜಾಕು, ವೀಲ್ ಪಾನ, ಸ್ಟೆಪ್ನಿ. ಸ್ಟೆಪ್ನಿಗೆ ತಿಂಗಳಿಗೊಂದು ಸಲ ಗಾಳಿ ಹಿಡಿಸಿ. ಜಾಕು ನಮ್ಮ ಎರೆ ಮಣ್ಣಿನ ರಸ್ತೆ ಅಂಚಿನಲ್ಲಿ ಇಟ್ಟರೆ ಕಾರು ಮೇಲೆ ಬರೋ ಬದಲು ಜಾಕೇ ಕೆಳಗೆ ಹೋಗುತ್ತದೆ. ಒಂದಡಿ ಚೌಕದ ದಪ್ಪ ಹಲಗೆ ಚೀಲದಲ್ಲಿರಲಿ, ಜಾಕಿನ ಅಡಿಗೆ. ನಟ್ಟುಗಳನ್ನು ಚಕ್ರ ನೆಲದ ಮೇಲೆ ಇರುವಾಗಲೇ ಅರ್ಧ ಸುತ್ತು ಸಡಿಲ ಮಾಡಿಕೊಂಡು ಆಮೇಲೆ ಎತ್ತಬೇಕು. ಪಾನಕ್ಕೆ ತೂರಿಸೋಕೆ ಎರಡಡಿ ಜಿಐ ಪೈಪಿನ ತುಂಡು ಇದ್ದರೆ ಹೆಂಗಸರೂ ನಟ್ಟು ಬಿಚ್ಚಬಹುದು. ಪಂಕ್ಚರ್ ಅಂಗಡಿಯಲ್ಲಿ ಮಿಷನ್ನಿನಲ್ಲಿ ಬಿಗಿದ ನಟ್ಟು ಬರೀ ಪಾನಕ್ಕೆ ಬಗ್ಗೋದಿಲ್ಲ.

ಚಕ್ರಕ್ಕೆ ಕೊಡೋ ಕಲ್ಲಿನ ವಿಚಾರ ಸ್ವಲ್ಪ ಹೇಳಬೇಕು. ಲಾರಿ, ಟ್ರ್ಯಾಕ್ಟರು ಕೆಟ್ಟು ನಿಂತರೆ ಸುತ್ತ ಕಲ್ಲು ಜೋಡಿಸಿ, ಸೊಪ್ಪಿನ ಕೊಂಬೆ ಇಟ್ಟು ಗುರುತು ಮಾಡುತ್ತಾರೆ. ರಿಪೇರಿ ಆದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ಅಲ್ಲೇ. ರಾತ್ರಿ ಆ ಕಲ್ಲಿಗೆ ಬೈಕು ಹೊಡೆದು ಬಿದ್ದವರನ್ನು ನಾವೇ ಎತ್ತಿದ್ದೀವಿ. ಕಲ್ಲಿನ ಬದಲು ಮರದ ದಿಂಡು ಎರಡು ಕೆತ್ತಿಸಿ, ಒಂದು ಕಡೆ ಓರೆ ಇರಬೇಕು. ಅದಕ್ಕೂ ಒಂದು ಚೂರು ರೇಡಿಯಂ ಅಂಟಿಸಿ, ಎರಡಕ್ಕೂ ಸೇರಿಸಿ ಹಗ್ಗ ಕಟ್ಟಿ. ಹಗ್ಗ ಇದ್ದರೆ ಮರೆತು ಬಿಟ್ಟು ಬರೋದಿಲ್ಲ, ಕೆಲಸ ಮುಗಿದ ಕೂಡಲೇ ಎಳೆದುಕೊಳ್ಳಬಹುದು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ ಬಿಡೋದಿಲ್ಲ. ನಾವೆಲ್ಲ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕಾರಿನಲ್ಲಿ ಮೇಲೆ ಹೋದವರು ಅಲ್ಲಿ ಗಾಡಿ ಕೆಟ್ಟರೆ ಚಕ್ರ ಬಿಚ್ಚೋಕೆ ಕೂರಬೇಡಿ. ಆದಷ್ಟೂ ಎಡಕ್ಕೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿ, ಮಕ್ಕಳು ಮರಿ ಎಲ್ಲರನ್ನೂ ಇಳಿಸಿ ಅಂಚಿನ ತಡೆಪಟ್ಟಿಯ ಆಚೆಗೆ ನಿಲ್ಲಿಸಿ 1033ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಹೆದ್ದಾರಿಯವರ ಸಹಾಯದ ನಂಬರು.

ಬೆಳಗಿನ ಚಳಿಗೆ ಬ್ಯಾಟರಿ

ನಮ್ಮ ಚಳಿ ದೊಡ್ಡದಲ್ಲ, ಆದರೆ ಮೂರು ವರ್ಷ ದುಡಿದ ಬ್ಯಾಟರಿಗೆ ಅಷ್ಟೇ ಸಾಕು. ಚಳಿಯಲ್ಲಿ ಬ್ಯಾಟರಿಯೊಳಗಿನ ಕ್ರಿಯೆ ಮಂದ, ಇಂಜಿನ್ ಆಯಿಲ್ ಮಂದ. ಟ್ರ್ಯಾಕ್ಟರು ಬೆಳಗ್ಗೆ ಕಟಕಟ ಅಂದು ನಿಂತುಬಿಡುತ್ತದೆ. ಮೊದಲು ಟರ್ಮಿನಲ್ ಮೇಲಿನ ಬಿಳೀ ಪಾಚಿ ಬಿಸಿನೀರಿನಲ್ಲಿ ತೊಳೆದು ಬಿಗಿ ಮಾಡಿ ನೋಡಿ, ಅರ್ಧಕ್ಕರ್ಧ ಕೇಸು ಅಲ್ಲೇ ಸರಿಹೋಗುತ್ತವೆ. ಚೀಲದಲ್ಲಿ ಒಂದು ಜೊತೆ ದಪ್ಪ ವೈರು ಇರಲಿ. ಕೆಂಪು ಪ್ಲಸ್ಸಿಗೆ ಪ್ಲಸ್ಸು. ಕಪ್ಪು ವೈರಿನ ಒಂದು ತುದಿ ಒಳ್ಳೇ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಕೆಟ್ಟ ಗಾಡಿಯ ಇಂಜಿನ್ನಿನ ಬರೀ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೂ ಬ್ಯಾಟರಿಯ ಗ್ಯಾಸಿಗೆ ತಗುಲೋದಿಲ್ಲ. ಕಾರಿಂದ ಟ್ರ್ಯಾಕ್ಟರಿಗೆ ಕೊಡಬಹುದು, ಎರಡೂ ಸಾಮಾನ್ಯವಾಗಿ 12 ವೋಲ್ಟು. ದೊಡ್ಡ ಲಾರಿ, ಬಸ್ಸು 24 ವೋಲ್ಟು. ಅವರಿಂದ ತೆಗೆದುಕೊಂಡರೆ ನಿಮ್ಮ ಕಾರಿನ ವೈರಿಂಗ್ ಸುಡುತ್ತದೆ. ಬೀಡಿ ದೂರ ಇರಲಿ.

ಹಗ್ಗ, ಮತ್ತೆ ನಾಲೆ

ಎಳೆಯೋ ಹಗ್ಗ ದಪ್ಪ ನೈಲಾನಿನದು ಇರಲಿ. ಎರಡು ಗಾಡಿ ನಡುವೆ ಐದು ಮೀಟರಿಗಿಂತ ಹೆಚ್ಚು ಬಿಡಬಾರದು, ಉದ್ದ ಬಿಟ್ಟರೆ ನಡುವೆ ಬೈಕಿನವನು ನುಗ್ಗುತ್ತಾನೆ. ಹಗ್ಗದ ಮಧ್ಯಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿ. ಬಂಪರಿಗೆ ಕಟ್ಟಿದರೆ ಬಂಪರ್ ಮಾತ್ರ ಮುಂದಕ್ಕೆ ಹೋಗುತ್ತದೆ, ಅಡಿಯಲ್ಲಿರೋ ಕೊಂಡಿಗೆ ಕಟ್ಟಬೇಕು. ಕೀ ಆನ್ ಇಲ್ಲದಿದ್ದರೆ ಸ್ಟೇರಿಂಗ್ ಲಾಕಾಗುತ್ತದೆ. ಇಂಜಿನ್ ಓಡದೆ ಇದ್ದಾಗ ಬ್ರೇಕೂ ಕಲ್ಲಿನಂತಾಗುತ್ತದೆ, ಜೋರಾಗಿ ತುಳಿಯಬೇಕು.

ಹಗ್ಗಕ್ಕೆ ಇನ್ನೊಂದು ಕೆಲಸ ಇದೆ. ನಮ್ಮ ಜಿಲ್ಲೆಯಲ್ಲಿ ರಸ್ತೆ ಎಷ್ಟು ಉದ್ದವೋ ಪಕ್ಕದಲ್ಲಿ ನಾಲೆಯೂ ಅಷ್ಟೇ ಅನ್ನಬೇಕು, ಬಹಳ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಶಾಲಾ ಮಕ್ಕಳೂ ಇದ್ದರು. ಅದು ನಡುಹಗಲು. ಇನ್ನು ಕಾವಳದಲ್ಲಿ ನಾಲೆ ಏರಿ ಮೇಲೆ ಹೋಗೋರ ಗತಿ ನೀವೇ ಊಹಿಸಿ.

ಕಾರು ನೀರಿಗೆ ಬಿದ್ದರೆ ಬಾಗಿಲು ತೆಗೆಯೋಕೆ ಒದ್ದಾಡಿ ಹೊತ್ತು ಕಳೀಬಾರದು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ಬರೋದಿಲ್ಲ. ಕಾರು ಒಂದೆರಡು ನಿಮಿಷ ತೇಲುತ್ತದೆ, ಅಷ್ಟರಲ್ಲೇ ಬೆಲ್ಟು ಬಿಚ್ಚಿ, ಪಕ್ಕದ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತಳ್ಳಿ ಹೊರಬರಬೇಕು. ಗಾಜು ಇಳಿಯದಿದ್ದರೆ ಒಡೆಯಬೇಕು. ಮುಂದಿನ ಗಾಜು ಎರಡು ಪದರದ್ದು, ಬಿರುಕು ಬಿಡುತ್ತದೆ ಹೊರತು ಪುಡಿಯಾಗೋದಿಲ್ಲ. ಸಾಮಾನ್ಯವಾಗಿ ಪಕ್ಕದ ಗಾಜು ಚೂಪು ತುದಿಯಲ್ಲಿ ಮೂಲೆಗೆ ಹೊಡೆದರೆ ಸಕ್ಕರೆಯಂತೆ ಉದುರುತ್ತದೆ. ಇದಕ್ಕೆ ಚೂಪು ಮೂತಿಯ ಸಣ್ಣ ಸುತ್ತಿಗೆ ಸಿಗುತ್ತದೆ. ಇದೊಂದನ್ನು ಮಾತ್ರ ಡಿಕ್ಕಿಯ ಚೀಲದಲ್ಲಿ ಇಡಬೇಡಿ. ಡ್ರೈವರ್ ಕೈಗೆ ಎಟುಕೋ ಹಾಗೆ ಕಟ್ಟಿರಬೇಕು.

ದಡದಲ್ಲಿ ಇರೋರು ಈಜು ಬರುತ್ತದೆ ಅಂತ ಧುಮುಕಿ ಅವರೂ ಹೋದದ್ದುಂಟು. ನಾಲೆ ನೀರು ಮೇಲೆ ಸುಮ್ಮನೆ ಕಾಣುತ್ತದೆ, ಒಳಗೆ ಸೆಳೆತ. ಕಲ್ಲು ಕಟ್ಟಿದ ಏರಿ ಪಾಚಿಗೆ ಜಾರುತ್ತದೆ, ಹತ್ತೋಕೆ ಹಿಡಿ ಸಿಕ್ಕೋದಿಲ್ಲ. 50 ಅಡಿ ಹಗ್ಗದ ಒಂದು ತುದಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಕಟ್ಟಿ. ಎಸೆಯೋಕೆ ತೂಕ ಬರಲಿ ಅಂತ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿಯಾಗಿ ಮುಚ್ಚಿರಬೇಕು. ಮುಳುಗುತ್ತಿರೋನಿಗಿಂತ ಮೇಲುಗಡೆಗೆ, ಅಂದರೆ ನೀರು ಬರೋ ಕಡೆಗೆ ಎಸೆದರೆ ಅದೇ ತೇಲಿಕೊಂಡು ಅವನ ಕೈಗೆ ಬರುತ್ತದೆ. ಇತ್ತ ತುದಿಯನ್ನು ಗಾಡಿಗೋ ಮರಕ್ಕೋ ಒಂದು ಸುತ್ತು ಹಾಕಿ ಹಿಡಿಯಿರಿ. ಕೈಗೆ ಸುತ್ತಿಕೊಳ್ಳಬೇಡಿ.

ಹುಲ್ಲಿನ ಗಾಡಿಯವರಿಗೆ ಒಂದು ಮಾತು. ಹೊರೆ ಎತ್ತರ ಮಾಡಿದರೆ ಜೋತುಬಿದ್ದ ಕರೆಂಟು ತಂತಿಗೆ ತಗುಲಿ ಹೊತ್ತಿಕೊಳ್ಳುತ್ತದೆ. ಕೋಲಿನಲ್ಲಿ ತಂತಿ ಎತ್ತಿ ಹಿಡಿದು ಗಾಡಿ ದಾಟಿಸೋ ಸಾಹಸ ಬೇಡ, ಇಬ್ಬನಿಯಲ್ಲಿ ನೆಂದ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ. ತಂತಿ ಜೋತಿರೋ ಜಾಗವನ್ನು ಕೊಯ್ಲಿಗೆ ಮುಂಚೆಯೇ ನೋಡಿಟ್ಟು 1912ಕ್ಕೆ ಹೇಳಿ. ತಂತಿ ಗಾಡಿಯ ಮೇಲೇ ಬಿದ್ದರೆ, ಬೆಂಕಿ ಇಲ್ಲದಿದ್ದರೆ ಸೀಟು ಬಿಟ್ಟು ಇಳಿಯಬೇಡಿ. ಇಳಿಯಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ ಎರಡು ಕಾಲೂ ಜೋಡಿಸಿ ಹಾರಿ, ಹಾಗೇ ಕಾಲು ಜೋಡಿಸಿಕೊಂಡು ಕುಪ್ಪಳಿಸುತ್ತಾ ದೂರ ಹೋಗಬೇಕು.

ಕಂಬಳಿ, ನೀರು, ಬಟ್ಟೆ

ಒಂದು ಕಂಬಳಿ ಇರಲಿ. ಚಳಿಗೆ ಹೊದೆಯೋಕೆ, ಪೆಟ್ಟು ಬಿದ್ದವರನ್ನು ಮಲಗಿಸೋಕೆ, ಸಣ್ಣ ಬೆಂಕಿ ಮುಚ್ಚಿ ಆರಿಸೋಕೆ ಎಲ್ಲಕ್ಕೂ ಆಗುತ್ತದೆ. ಉಣ್ಣೆ ಕಂಬಳಿಯೇ ಬೇಕು, ನೈಲಾನ್ ರಗ್ಗು ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಐದು ಲೀಟರ್ ನೀರಿನ ಕ್ಯಾನು. ಟಾರ್ಚು ಬೇರೆಯೇ ಇರಲಿ, ಮೊಬೈಲಿನ ಬೆಳಕು ಹಾಕಿಕೊಂಡು ಕೂತರೆ ಫೋನು ಮಾಡೋ ಹೊತ್ತಿಗೆ ಚಾರ್ಜು ಇರೋದಿಲ್ಲ. ಸೆಲ್ಲು ಬಿಚ್ಚಿ ಬೇರೆ ಇಡಿ, ಒಳಗೇ ಬಿಟ್ಟರೆ ಸೋರಿ ಟಾರ್ಚು ಹಾಳು.

ರಾತ್ರಿ ಎಲ್ಲಾದರೂ ಸಿಕ್ಕಿಬಿದ್ದರೆ ಗಾಜು ಪೂರ್ತಿ ಏರಿಸಿ ಇಂಜಿನ್ ಓಡಿಸಿಕೊಂಡು ಕಾರಿನಲ್ಲಿ ಮಲಗಬಾರದು. ಟಾರ್ಪಾಲಿನ ಒಳಗೆ ಕೆಂಡದ ಬಾಂಡ್ಲಿ ಇಟ್ಟುಕೊಂಡು ಮಲಗೋದೂ ಅಷ್ಟೇ ಅಪಾಯ. ಆ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಎಲ್ಲ ಮುಗಿದಿರುತ್ತದೆ.

ಗಾಯಕ್ಕೆ ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಬಟ್ಟೆ ಎರಡು ಮೂರು ತುಂಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ರಕ್ತ ಸುರಿಯುವಾಗ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿ ಹತ್ತು ನಿಮಿಷ ಬಿಡಬಾರದು, ನಡುನಡುವೆ ತೆಗೆದು ನೋಡಬಾರದು. ಕಾಫಿಪುಡಿ, ಸುಣ್ಣ, ಅರಿಶಿನ ಯಾವುದೂ ಬೇಡ, ಡಾಕ್ಟರು ಅದನ್ನೆಲ್ಲ ಮತ್ತೆ ತೊಳೆಯಬೇಕು. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಬಿಡಿ, ಇಂಕು, ಪೇಸ್ಟು ಹಚ್ಚಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹುಯ್ಯೋದು ನಮ್ಮಲ್ಲಿ ಬಹಳ. ಅದು ಶ್ವಾಸಕ್ಕೆ ಹೋಗುತ್ತದೆ.

108 ನಮ್ಮ ರಾಜ್ಯದಲ್ಲಿ 2008ರಿಂದ ಇದೆ, ಪೊಲೀಸು ಬೆಂಕಿ ಎಲ್ಲಕ್ಕೂ 112. ಫೋನಿನಲ್ಲಿ ಊರಿನ ಹೆಸರು ಒಂದೇ ಹೇಳಿದರೆ ಆಗದು. ಯಾವ ಊರಿಗೂ ಯಾವ ಊರಿಗೂ ನಡುವೆ, ಸೇತುವೆ, ಶಾಲೆ, ಕಿಲೋಮೀಟರ್ ಕಲ್ಲು ಯಾವುದಿದೆ ಅಂತ ಹೇಳಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು ಕೋರ್ಟು ಅಂತ ಅಲೆಯಬೇಕು ಅನ್ನೋ ಹೆದರಿಕೆ ಇನ್ನೂ ಇದೆ. 2019ರಲ್ಲಿ ಮೋಟಾರು ಕಾಯ್ದೆಗೆ ತಿದ್ದುಪಡಿ ತಂದು, ಸಹಾಯ ಮಾಡಿದವರ ಮೇಲೆ ಅದಕ್ಕಾಗಿ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ ಅಂತ ಮಾಡಿದ್ದಾರೆ.

ಈ ಸಾಮಾನಿಗೆಲ್ಲ ಒಂದು ರಸಗೊಬ್ಬರದ ಚೀಲ ಸಾಕು, ಚೆನ್ನಾಗಿ ತೊಳೆದಿರಬೇಕು. ಗೊಬ್ಬರದ ಉಪ್ಪು ಉಳಿದರೆ ಜಾಕು, ಕುಡ್ಲು ಎಲ್ಲ ತುಕ್ಕು ಹಿಡಿಯುತ್ತವೆ. ಕಬ್ಬಿಣಕ್ಕೆ ಹಳೇ ಇಂಜಿನ್ ಆಯಿಲ್ ಒರೆಸಿಡಿ. ಕುಡ್ಲಿನ ಬಾಯಿಗೆ ಹಳೇ ಟ್ಯೂಬಿನ ತುಂಡು ತೊಡಿಸಿ. ರಾತ್ರಿ ಕತ್ತಲಲ್ಲಿ ಕೈ ಹಾಕಿದಾಗ ಮೊದಲು ಸಿಗಬೇಕಾದ್ದು ಟಾರ್ಚು, ಅದನ್ನು ಎಲ್ಲಕ್ಕಿಂತ ಮೇಲೆ ಇಡಿ. ಮನೆಯಲ್ಲಿ ಹೆಂಗಸರು ಮಕ್ಕಳಿಗೂ ಚೀಲ ತೋರಿಸಿರಿ. ನಮ್ಮನೆಯಲ್ಲಿ ಜಾಕು ಹೊಂದಿಸೋದು ಈಗ ಮಗಳೇ.

ಮೊಪೆಡ್ಡಿನವರಿಗೆ ಇಷ್ಟೆಲ್ಲ ಹೊರೋಕೆ ಆಗೋದಿಲ್ಲ. ಹಾಲಿನ ಕ್ಯಾನಿಗೆ ಹಿಂದೆ ಒಂದು, ಎರಡೂ ಪಕ್ಕ ಒಂದೊಂದು ರೇಡಿಯಂ ಪಟ್ಟಿ ಅಂಟಿಸಿ, ಹೆಲ್ಮೆಟ್ಟಿನ ಹಿಂದಕ್ಕೂ ಒಂದು ಚೂರು. ಸೀಟಿನ ಕೆಳಗೆ ಪ್ಲಗ್ ಪಾನ, ಒಂದು ಹೊಸ ಪ್ಲಗ್ಗು, ಸಣ್ಣ ಟಾರ್ಚು, ನಾಲ್ಕು ಮಾರು ಹಗ್ಗ. ಕರೀ ಸ್ವೆಟರು ಹಾಕಿಕೊಳ್ಳೋರು ಅದರ ಮೇಲೆ ಬಿಳೀ ಟವಲು ಹೊದ್ದರೂ ಆಯಿತು.